ಮೋಡವಿತ್ತು ಅಂದೆ

ಗೇಟಿನ ಬಳಿ ಕೊಕ್ಕೆಗೆ ಸಿಕ್ಕಿಸಿ ಮೂಟೆ ತೂಗುತ್ತಾರೆ:
ಇಪ್ಪತ್ತೆರಡು ಕಿಲೋ. ಅದರಲ್ಲಿ ನನ್ನದು ಮೂರು.
ಕಂಬಳಿ, ಮರಗೆಣಸಿನ ಹಿಟ್ಟು, ಉಪ್ಪು, ಒಂದು ಜೊತೆ ಕಾಲುಚೀಲ.
ಉಳಿದದ್ದು ಅತಿಥಿಯ ಡೇರೆ, ಅತಿಥಿಯ ಸ್ಟೌ,
ಪುಟ ತೆರೆಯದೆಯೇ ಹಿಂದಿರುಗಲಿರುವ ಅತಿಥಿಯ ದಪ್ಪ ಪುಸ್ತಕ.
ನನ್ನ ಹೆಸರು ಮಸೆರೆಕಾ. ಅಂದರೆ ಮೂರನೆಯ ಮಗ.
ನಮ್ಮಲ್ಲಿ ಹೆಸರು ಕೇಳಿದರೆ ಸಾಕು,
ನನಗಿಂತ ಮೊದಲು ಎಷ್ಟು ಬಾಯಿ ಉಂಡವೆಂದು ತಿಳಿಯುತ್ತದೆ.

ಮೊದಲ ದಿನ ಜರೀಗಿಡ, ಬಿದಿರು, ಬೆವರು.
ಆಮೇಲೆ ಕೆಸರು.
ಮೊಣಕಾಲಿನ ತನಕ; ತಪ್ಪಿದರೆ ಸೊಂಟದ ತನಕ.
ಹುಲ್ಲುಗುಪ್ಪೆಯಿಂದ ಹುಲ್ಲುಗುಪ್ಪೆಗೆ ಜಿಗಿ,
ನಿಂತರೆ ಮುಳುಗುತ್ತೀ, ಓಡಿದರೆ ಜಾರುತ್ತೀ
ಎಂದು ಅಪ್ಪ ಕಲಿಸಿದ್ದನ್ನು ಅತಿಥಿಗೆ ಕಲಿಸುತ್ತೇನೆ.
ಆತ ನಗುತ್ತಾನೆ.
ನಕ್ಕು ಮುಗಿಯುವ ಮೊದಲೇ ಒಂದು ಬೂಟನ್ನು ಕೆಸರಿಗೆ ಕೊಟ್ಟು
ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಲ್ಲುತ್ತಾನೆ.
ಭುಜದ ತನಕ ತೋಳು ತೂರಿಸಿ ತೆಗೆದೆ,
ಅಡ್ಡ ನಿಂತ ಕರುವನ್ನು ತೆಗೆದ ಹಾಗೆ.
ಒಳಗೆ ಅರ್ಧ ಸೇರು ಕಪ್ಪು ನೀರು.

ಮೇಲೆ ಮರಗಳೂ ಬದಲಾಗುತ್ತವೆ.
ಇರುಳಾದರೆ ಎಲೆ ಮಡಚಿಕೊಂಡು
ತನ್ನ ಕುಡಿಗೆ ತಾನೇ ಕಂಬಳಿಯಾಗುವ ಲೊಬೀಲಿಯಾ.
ಅದರ ಪಕ್ಕದಲ್ಲೇ ನಮ್ಮ ಡೇರೆ.
ಬಂಡೆಗೆ ಗೂಟ ಇಳಿಯದು, ಹಗ್ಗಕ್ಕೆ ಕಲ್ಲು ಕಟ್ಟಿದೆವು.
ಅಡುಗೆಯ ಬ್ವಾಂಬಾಲೆ ಮೂರು ಗಂಟೆ ಕೂತ,
ನೀರು ಕುದಿಯಿತು, ಕಾಳು ಬೇಯಲಿಲ್ಲ.
ಇಷ್ಟು ಎತ್ತರದಲ್ಲಿ ನೀರಿಗೂ ಆತುರ.

“ಶಿಖರಕ್ಕೆ ನಿಮ್ಮ ಭಾಷೆಯಲ್ಲಿ ಏನಂತೀರಿ?”
ಎನ್ಜುರುರು ಅಂದೆ.
“ಅದು ಹಿಮ ಅಲ್ಲವೇ?”
ಹೌದು. ಕಿಟಸಾಂಬಾ ಅಲ್ಲಿ ಕೂತಿದ್ದಾನೆ,
ಹಿಮ ಅವನ ಮನೆಯ ಸೂರು.
ಸೂರಿನ ಮೇಲೆ ನಡೆಯುವಾಗ ಮೆಲ್ಲಗೆ ನಡೆಯಬೇಕು.
ಆತ ಬರೆದುಕೊಂಡ. ಪೆನ್ನು ಚಳಿಗೆ ಹೆಪ್ಪುಗಟ್ಟಿ
ಕೊನೆಯ ಮಾತು ಹಾಳೆಯ ಮೇಲೆ ಬರಿ ಗೀರಾಯಿತು.

ಬೆಳಗಿನ ಜಾವ ಮೂರಕ್ಕೆ ಹೊರಟೆವು,
ಹಣೆಗೊಂದು ದೀಪ, ಸೊಂಟಕ್ಕೊಂದು ಹಗ್ಗ.
ದೂರದ ಬೆಟ್ಟ ನುಣ್ಣಗೆ ಅನ್ನುವವರು ಇಲ್ಲಿಗೆ ಬರಲಿ:
ಹಿಮ ಮಲಗಿ ಎದ್ದುಹೋದಲ್ಲೆಲ್ಲ
ಹತ್ತಿರದಲ್ಲೇ ಬಂಡೆ ನುಣ್ಣಗೆ,
ಕೈಗೆ ಒಂದು ಹಿಡಿ ಸಿಗದಷ್ಟು.

ಅಪ್ಪನ ಕಾಲದಲ್ಲಿ ಆ ಗೋಡೆಗೆ ಏಣಿಯೇ ಇರಲಿಲ್ಲವಂತೆ,
ಹಿಮದ ಮೇಲೆ ನಿಂತು ಅಂಚಿಗೆ ಕೈ ಚಾಚಿದರೆ ಆಯಿತು.
ಅಣ್ಣನ ಕಾಲಕ್ಕೆ ಏಣಿ ಬಂತು.
ಹೋದ ಮಳೆಗಾಲಕ್ಕೆ ಮುಂಚೆ ಅದರ ಕೆಳಮೆಟ್ಟಿಲು
ಹಿಮದಲ್ಲಿ ಹೂತಿತ್ತು, ನಾನೇ ಕೆತ್ತಿ ಬಿಡಿಸಿದ್ದೆ.
ಈಗ ಅದು ಗಾಳಿಯಲ್ಲಿದೆ.
ನನ್ನ ಹೆಗಲ ಮೇಲೆ ನಿಂತು ಅತಿಥಿ ಮೆಟ್ಟಿಲು ಹಿಡಿದ,
ಅವನ ಬೂಟಿನ ಮುಳ್ಳು ಕಂಬಳಿ ಕೋಟು ದಾಟಿ ಚುಚ್ಚಿತು.
ಆತ ಮೇಲೇರುವಾಗ ನನ್ನ ಒಂದು ಬೂಟು ಬಿಚ್ಚಿ
ಗೋಡೆಗೆ ಹಿಡಿದು ಅಳೆದೆ, ಏಳು ಬೂಟು.
ತಪ್ಪಿರಬೇಕೆಂದು ಮತ್ತೆ ಅಳೆದೆ.

ತುದಿಯಲ್ಲಿ ಆತ ಅತ್ತ. ನನ್ನನ್ನು ತಬ್ಬಿಕೊಂಡ.
ಎರಡು ದೇಶ ಕಾಣುವಷ್ಟು ತಿಳಿ ಆಕಾಶ.
ಫೋಟೋದಲ್ಲಿ ನಾನು ಕೆಳಗೆ ನೋಡುತ್ತಿದ್ದೇನೆ.

ಮನೆಗೆ ಬಂದರೆ ಅವ್ವ ಕೇಳುವುದು ಒಂದೇ,
ಕಣಜ ಇಣುಕಿ ಬಂದವರನ್ನು ಕೇಳುವ ಹಾಗೆ:
“ಎಷ್ಟು ಉಳಿದಿದೆಯೋ?”
ಮೋಡವಿತ್ತು ಅಂದೆ. ಏನೂ ಕಾಣಲಿಲ್ಲ.

ಅವಳು ಬೂಟು ಬೋರಲು ಹಾಕಿ ಕಲ್ಲಿಗೆ ಬಡಿದಳು.
“ಹೌದಾ. ಗುರುವಾರ ಕಾಳು ಬಿಡಿಸಲು ಹೋಗಿದ್ದೆ.
ದಿಣ್ಣೆಯಿಂದ ಎಲ್ಲ ಚೊಕ್ಕವಾಗಿ ಕಾಣುತ್ತಿತ್ತು.”

ಅಷ್ಟೇ ಅಂದಳು.
ಒಲೆಯ ಮೇಲೆ ಕಾಳು ಬೆಂದು ಒಡೆದಿತ್ತು.
ಸಾಕು ಅಂದರೂ ಇನ್ನೊಂದು ಸೌಟು ಹಾಕಿದಳು.